ಎಳೆಯುವ ವಾಹನ ಮತ್ತು ಎಳೆಯಲ್ಪಡುವ ಗಾಲಿ: ಟೈರಿನ ಗಾಳಿಯೊತ್ತಡದ ನಿಗಾಸಾಧನವನ್ನು ಕುರಿತು ಒಂದು ಐತಿಹಾಸಿಕ ವಿವೇಚನೆ

೧

ಸಾರಿಗೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಎಳೆಯುವ ಶಕ್ತಿಯ ಚರಿತ್ರೆಯನ್ನೇ ಬರೆದಿದ್ದಾರೆ. ಎತ್ತು, ಕುದುರೆ, ಉಗಿ, ಪೆಟ್ರೋಲು, ಡೀಸೆಲು ಎಂಬ ಕ್ರಮದಲ್ಲಿ ಯುಗಗಳನ್ನು ವಿಂಗಡಿಸುವುದು ವಾಡಿಕೆ. ಎಳೆಯಲ್ಪಡುವ ಬಂಡಿಯ ಗಾಲಿಗೆ ಈ ಚರಿತ್ರೆಯಲ್ಲಿ ದೊರೆತ ಸ್ಥಾನ ಅತ್ಯಲ್ಪವಾದುದು. ಭಾರವನ್ನು ಹೊರುವುದಾದರೋ ಆ ಗಾಲಿಯೇ. ಅದು ಕೆಟ್ಟರೆ ಮುಂದಿನ ಶಕ್ತಿ ಎಷ್ಟಿದ್ದರೂ ನಿರರ್ಥಕವಾಗುವುದು.

ಟ್ರೇಲರನ್ನು ಎಳೆಯುವ ವಾಹನಕ್ಕೆ ಟೈರಿನ ಗಾಳಿಯೊತ್ತಡದ ನಿಗಾಸಾಧನವನ್ನು ಆರಿಸುವಾಗ ಯಾವ ಅಂಶಗಳನ್ನು ಗಮನಿಸತಕ್ಕದ್ದು ಎಂಬುದು ಈ ಲೇಖನದ ಪ್ರಶ್ನೆ. ಇದು ಯಂತ್ರಶಾಸ್ತ್ರಕ್ಕೆ ಸೇರಿದ ಪ್ರಶ್ನೆಯೆಂದು ಮೇಲ್ನೋಟಕ್ಕೆ ತೋರುವುದು ಸಹಜ. ಆದರೆ ಈ ಸಾಧನವು ಏಕೆ ಹುಟ್ಟಿತು, ಯಾರಿಗಾಗಿ ಹುಟ್ಟಿತು, ಯಾರನ್ನು ಬಿಟ್ಟು ಬೆಳೆಯಿತು ಎಂಬುದನ್ನು ಅರಿಯದೆ ಅದನ್ನು ಸರಿಯಾಗಿ ಆರಿಸಲು ಬರುವುದಿಲ್ಲವೆಂದು ನಾವು ಭಾವಿಸುತ್ತೇವೆ. ನಿದರ್ಶನಕ್ಕಾಗಿ ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯ ದಾರಿಯನ್ನು ತೆಗೆದುಕೊಂಡಿದ್ದೇವೆ.

೨

ಕೊರ್ಲಹಳ್ಳಿಯು ತುಂಗಭದ್ರೆಯ ಎಡದಂಡೆಯ ಮೇಲಿರುವ ಗ್ರಾಮ. ನದಿಯ ಆಚೆ ಹೂವಿನ ಹಡಗಲಿ ತಾಲ್ಲೂಕಿನ ಮದಲಗಟ್ಟಿ. ಎರಡನ್ನೂ ಸೇತುವೆಯು ಕೂಡಿಸಿದೆ. ಈ ಸ್ಥಳದ ರಾಜಕೀಯ ಸ್ಥಿತಿಯನ್ನು ನೆನೆದರೆ ಸಾರಿಗೆಯ ಮಹತ್ವವು ಸ್ಪಷ್ಟವಾಗುತ್ತದೆ. ಬ್ರಿಟಿಷರ ಆಳಿಕೆಯಲ್ಲಿ ಮುಂಡರಗಿಯ ಸೀಮೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ನದಿಯ ಆಚೆಯ ಹಡಗಲಿಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಪೂರ್ವಕ್ಕೆ ಸ್ವಲ್ಪ ದೂರ ಸಾಗಿದರೆ ಕೊಪ್ಪಳ, ಅದು ನಿಜಾಮರ ಸಂಸ್ಥಾನದ ನೆಲ. ಹೀಗೆ ಒಂದೇ ಭಾಷೆಯನ್ನಾಡುವ ಜನರು ಮೂರು ಆಳಿಕೆಗಳಲ್ಲಿ ಹಂಚಿಹೋಗಿದ್ದರು. ೧೯೫೩ರಲ್ಲಿ ಬಳ್ಳಾರಿಯ ಕನ್ನಡ ಭಾಗವು ಮೈಸೂರಿಗೆ ಸೇರಿತು. ೧೯೫೬ರಲ್ಲಿ ಉಳಿದ ಭಾಗಗಳೂ ಕೂಡಿ ಏಕೀಕರಣವಾಯಿತು. ೧೯೯೭ರಲ್ಲಿ ಗದಗ ಜಿಲ್ಲೆಯೂ ೨೦೨೧ರಲ್ಲಿ ವಿಜಯನಗರ ಜಿಲ್ಲೆಯೂ ರಚಿತವಾದ ಮೇಲೆ, ಈ ನದಿಯು ಎರಡು ಜಿಲ್ಲೆಗಳ ನಡುವಣ ಗಡಿಯಾಗಿ ಉಳಿದಿದೆ.

ಆಳಿಕೆಗಳು ಬದಲಾದರೂ ಬಂಡಿಯ ದಾರಿ ನಿಲ್ಲಲಿಲ್ಲ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಎಂದರೆ ೧೮೬೧ರಿಂದ ೧೮೬೫ರವರೆಗೆ, ಧಾರವಾಡ ಸೀಮೆಯ ಹತ್ತಿಗೆ ಅಪಾರವಾದ ಬೇಡಿಕೆಯುಂಟಾಗಿ, ಎತ್ತಿನ ಬಂಡಿಗಳು ಘಟ್ಟವನ್ನಿಳಿದು ಕುಮಟೆ, ಕಾರವಾರಗಳವರೆಗೆ ಹೋಗುತ್ತಿದ್ದವು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಗದಗವನ್ನು ಮುಟ್ಟಿದ ನಂತರ ಬಂಡಿಗಳ ಮುಖವು ಗದಗದತ್ತ ತಿರುಗಿತು. ರೈಲು ಬಂದುದರಿಂದ ಬಂಡಿಯು ಅಳಿಯಲಿಲ್ಲ. ಹೊಲದಿಂದ ನಿಲ್ದಾಣದವರೆಗಿನ ಹಾದಿಯು ಅದರದೇ ಆಗಿ ಉಳಿಯಿತು. ಇಂದು ಅದೇ ಹಾದಿಗಳಲ್ಲಿ ಟ್ರ್ಯಾಕ್ಟರುಗಳು ಸಾಗುತ್ತವೆ. ಗಂಗಾಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು, ಊರುಗಳಿಗೆ ನದಿಯ ಮರಳು, ಮಾರುಕಟ್ಟೆಗೆ ಮೆಕ್ಕೆಜೋಳ ಹಾಗೂ ಈರುಳ್ಳಿ, ಇವೆಲ್ಲವೂ ಟ್ರೇಲರುಗಳ ಮೇಲೆಯೇ ಹೋಗುತ್ತವೆ.

೩

ಎತ್ತಿನ ಬಂಡಿಯ ಕಾಲದಲ್ಲಿ ಗಾಲಿಯ ಮೇಲೆ ನಿಗಾ ಇರಲಿಲ್ಲವೆಂದು ತಿಳಿಯಲಾಗದು. ಬಂಡಿಯ ಗಾಲಿಯು ಗುಂಭ, ಅರ, ಬಟ್ಟು, ಹಳಿ ಎಂಬ ಅಂಗಗಳಿಂದ ಕೂಡಿದುದು; ಅಚ್ಚಿನ ತುದಿಯಲ್ಲಿ ಕಡಾಣಿಯು ಅದನ್ನು ಹಿಡಿದಿಡುತ್ತಿತ್ತು. ಬೇಸಗೆಯಲ್ಲಿ ಮರವು ಒಣಗಿ ಸೊರಗಿದಾಗ ಹಳಿಯು ಸಡಿಲಾಗಿ ಕಲ್ಲಿನ ಮೇಲೆ ಬೇರೆಯೇ ಸದ್ದು ಮಾಡುವುದು. ಕೀಲೆಣ್ಣೆ ಬತ್ತಿದರೆ ಅಚ್ಚು ಕಿರುಗುಟ್ಟುವುದು. ಒಂದು ಗಾಲಿಯು ಹೂತರೆ ಆ ಕಡೆಯ ಎತ್ತು ಹೆಗಲು ಜಗ್ಗುವುದು. ಬಂಡಿ ಹೊಡೆಯುವವನು ಮೂಕಿಯ ಬುಡದಲ್ಲಿ, ಎರಡೂ ಗಾಲಿಗಳಿಗೆ ಮೊಳದ ಅಂತರದಲ್ಲಿ ಕುಳಿತಿರುತ್ತಿದ್ದನು. ಅವನ ಕಿವಿ, ಅವನ ಎತ್ತಿನ ಹೆಗಲು, ಇವೆರಡೇ ಅವನ ನಿಗಾಸಾಧನಗಳು. ನಿದ್ದೆ ತೂಗಿದರೂ ಸದ್ದು ಬದಲಾದೊಡನೆ ಎಚ್ಚರಗೊಳ್ಳುವ ಬಂಡಿಕಾರರ ಅಭ್ಯಾಸವು ನಮ್ಮ ಹಳ್ಳಿಗಳಲ್ಲಿ ಪ್ರಸಿದ್ಧವಾದುದು.

ಎಳೆಯುವವರಿಗೂ ಗಾಲಿಗೂ ಅಂತರವು ಹೆಚ್ಚಿದಾಗ ಏನು ಮಾಡಬೇಕೆಂಬುದನ್ನೂ ನಮ್ಮ ಸಮಾಜವು ಅರಿತಿತ್ತು. ಇದಕ್ಕೆ ಜಾತ್ರೆಯ ತೇರೇ ಪ್ರಮಾಣ. ಮಿಣಿಯನ್ನು ಹಿಡಿದು ಎಳೆಯುವ ನೂರಾರು ಜನರ ಬೆನ್ನು ತೇರಿನ ಕಡೆಗಿರುತ್ತದೆ. ಹಿಂದಿನ ಗಾಲಿಗಳಿಗೆ ಏನಾಗುತ್ತಿದೆಯೆಂಬುದು ಅವರಿಗೆ ಕಾಣದು. ಆದುದರಿಂದಲೇ ಪ್ರತಿಯೊಂದು ಗಾಲಿಯ ಪಕ್ಕದಲ್ಲಿ ಮರದ ಬೆಣೆ, ಸನ್ನೆಗಳನ್ನು ಹಿಡಿದ ನುರಿತವರು ನಡೆಯುತ್ತಾರೆ. ಗಾಲಿಯನ್ನು ತಡೆಯುವುದು, ತಿರುಗಿಸುವುದು, ಅಪಾಯ ಕಂಡರೆ ಕೂಗಿ ಮುಂದಿನವರನ್ನು ನಿಲ್ಲಿಸುವುದು ಅವರ ಕೆಲಸ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ನಿಗಾ ಇಡುವವನು ಎಳೆಯುವವರ ಬಳಿಯಲ್ಲಿಲ್ಲ, ಗಾಲಿಯ ಬಳಿಯಲ್ಲಿದ್ದಾನೆ. ಆದರೆ ಅವನ ಕೂಗು ಎಳೆಯುವವರನ್ನು ತಲುಪಲೇಬೇಕು. ಎಳೆಯಲ್ಪಡುವ ವಾಹನದ ನಿಗಾವ್ಯವಸ್ಥೆಗೆ ಬೇಕಾದ ಎರಡು ಮೂಲತತ್ತ್ವಗಳು ಇವೇ ಎಂದು ಹೇಳಲಡ್ಡಿಯಿಲ್ಲ.

೪

ಗಾಳಿ ತುಂಬಿದ ರಬ್ಬರು ಟೈರಿನ ಹುಟ್ಟು ಮೋಟಾರಿನೊಂದಿಗೆ ಆಯಿತೆಂಬ ಭಾವನೆ ವ್ಯಾಪಕವಾಗಿದೆ. ವಾಸ್ತವವು ಬೇರೆ. ೧೮೪೫ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ರಾಬರ್ಟ್ ವಿಲಿಯಮ್ ಥಾಮ್ಸನ್ ಎಂಬವನು ಇಂತಹ ಟೈರಿಗೆ ಪೇಟೆಂಟು ಪಡೆದಾಗ ಅವನ ಕಣ್ಣ ಮುಂದಿದ್ದುದು ಕುದುರೆಯಿಂದ ಎಳೆಯಲ್ಪಡುವ ಗಾಡಿ. ಎಳೆಯಲು ಬೇಕಾಗುವ ಬಲವನ್ನು ಕಡಿಮೆ ಮಾಡುವುದು, ಚಲನೆಯನ್ನು ಸುಗಮಗೊಳಿಸುವುದು, ಸದ್ದನ್ನು ತಗ್ಗಿಸುವುದು ಅವನ ಉದ್ದೇಶಗಳಾಗಿದ್ದವು. ಅಂದರೆ ಈ ಟೈರು ಮೊದಲು ಕಲ್ಪಿತವಾದುದೇ ಎಳೆಯಲ್ಪಡುವ ಗಾಲಿಗಾಗಿ. ಥಾಮ್ಸನ್ನನ ಟೈರು ಆಗ ನೆಲೆಗೊಳ್ಳಲಿಲ್ಲ. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಎಂಬವನು ಸೈಕಲ್ಲಿಗಾಗಿ ಅದನ್ನು ಪುನಃ ಕಂಡುಹಿಡಿದ ಮೇಲೆಯೇ ಅದು ಜಗತ್ತಿನಲ್ಲೆಲ್ಲ ಹಬ್ಬಿತು. ೧೮೯೦ರ ದಶಕದಲ್ಲಿ ನ್ಯೂಯಾರ್ಕಿನ ಷ್ರೇಡರ್ ಸಂಸ್ಥೆಯು ರೂಪಿಸಿದ ವಾಲ್ವು ಕ್ರಮೇಣ ಕಾರು, ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಸಾಮಾನ್ಯವಾಯಿತು. ಈ ಸಮಾನತೆಯಿಂದ ಮುಂದೆ ಒದಗಿದ ಉಪಯೋಗವನ್ನು ಕೆಳಗೆ ನೋಡಲಿದ್ದೇವೆ.

ಥಾಮ್ಸನ್ನನ ಮೂರನೆಯ ಉದ್ದೇಶವಾದ ಸದ್ದಿನ ಶಮನವು ಒಂದು ಲಾಭವಾದಂತೆಯೇ ಒಂದು ನಷ್ಟವೂ ಆಯಿತು. ಕಬ್ಬಿಣದ ಹಳಿಯು ಕೆಡುವ ಮುನ್ನ ಕೂಗುತ್ತಿತ್ತು. ರಬ್ಬರು ಮೌನವಾಗಿ ಸೊರಗುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕೆಯು ಪ್ರತಿ ಸುತ್ತಿಗೂ ಅತಿಯಾಗಿ ಬಾಗಿ, ಒಳಗೆ ಶಾಖವು ಬೆಳೆದು, ಕೊನೆಗೆ ಒಮ್ಮೆಲೆ ಸಿಡಿಯುತ್ತದೆ. ಅಲ್ಲಿಯವರೆಗೆ ಕಿವಿಗೆ ಕೇಳುವಂಥದು ಏನೂ ಇರುವುದಿಲ್ಲ.

ಭಾರತದಲ್ಲಿ ಡನ್‌ಲಪ್ ಕಂಪನಿಯು ೧೯೩೬ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಕಾರ್ಖಾನೆಯನ್ನು ತೆರೆಯಿತು. ಎತ್ತಿನ ಬಂಡಿಗೆಂದೇ ಮಾಡಿದ ಟೈರುಗಳೂ ಬಳಕೆಗೆ ಬಂದು, ನಮ್ಮ ಕಡೆಯಲ್ಲಿ ‘ಟೈರಿನ ಗಾಡಿ’ ಎಂಬ ಹೆಸರೇ ರೂಢಿಯಾಯಿತು. ಒಂದೇ ಜೋಡಿ ಎತ್ತುಗಳು ಮೊದಲಿಗಿಂತ ಹೆಚ್ಚಿನ ಭಾರವನ್ನು ಎಳೆಯಲು ಶಕ್ತವಾದವು; ಎರೆಹೊಲದ ದಾರಿಯನ್ನು ಹಳಿಯಂತೆ ಅದು ಸೀಳುತ್ತಿರಲಿಲ್ಲ. ಆದರೂ ಬೆಲೆ ಹಾಗೂ ಪಂಕ್ಚರಿನ ತೊಂದರೆಗಳಿಂದಾಗಿ ಮರದ ಗಾಲಿಯು ಬಹುಕಾಲ ಉಳಿಯಿತು. ೧೯೭೦ರ ದಶಕದಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಯನ್ನು ರಾಷ್ಟ್ರೀಯ ಪ್ರಶ್ನೆಯನ್ನಾಗಿ ಎತ್ತಿ ತೋರಿಸಿದರು. ಎಳೆಯಲ್ಪಡುವ ಗಾಲಿಯ ಕುರಿತು ವಿದ್ವತ್ಸಂಸ್ಥೆಯೊಂದು ಗಂಭೀರವಾಗಿ ಆಲೋಚಿಸಿದ ಅಪೂರ್ವ ಸಂದರ್ಭಗಳಲ್ಲಿ ಇದೊಂದು.

೫

ಟ್ರ್ಯಾಕ್ಟರಿಗೆ ರಬ್ಬರು ಟೈರು ಬಂದುದು ತಡವಾಗಿ. ೧೯೩೨ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿಯು ಫೈರ್‌ಸ್ಟೋನ್ ಕಂಪನಿಯ ನೆರವಿನಿಂದ ಕಡಿಮೆ ಒತ್ತಡದ ಟೈರನ್ನು ತನ್ನ ಟ್ರ್ಯಾಕ್ಟರಿಗೆ ಜೋಡಿಸಿತು. ಅದಕ್ಕೆ ಮೊದಲು ಉಕ್ಕಿನ ಹಲ್ಲುಗಳುಳ್ಳ ಗಾಲಿಗಳಿಂದಾಗಿ ಟ್ರ್ಯಾಕ್ಟರು ಹೊಲವನ್ನು ಬಿಟ್ಟು ರಸ್ತೆಗೆ ಬರುವುದು ಕಷ್ಟವಾಗಿತ್ತು. ರಬ್ಬರು ಬಂದ ಮೇಲೆ ಅದು ಉಳುವ ಯಂತ್ರವಾಗಿದ್ದುದಲ್ಲದೆ ಎಳೆಯುವ ವಾಹನವೂ ಆಯಿತು.

ಈ ಬದಲಾವಣೆಯ ಪರಿಣಾಮವನ್ನು ಲೆಕ್ಕದಲ್ಲಿ ಹೇಳಬಹುದು. ಎತ್ತಿನ ಬಂಡಿಗೆ ಇದ್ದುದು ಎರಡು ಗಾಲಿ. ನಾಲ್ಕು ಗಾಲಿಗಳ ಎರಡು ಟ್ರೇಲರುಗಳನ್ನು ಕಟ್ಟಿಕೊಂಡು ಕಬ್ಬು ಸಾಗಿಸುವ ಟ್ರ್ಯಾಕ್ಟರಿಗೆ ತನ್ನ ನಾಲ್ಕು ಸೇರಿ ಹನ್ನೆರಡು ಗಾಲಿಗಳು. ಇವುಗಳಲ್ಲಿ ಎಂಟು ಗಾಲಿಗಳು ಚಾಲಕನ ಬೆನ್ನ ಹಿಂದೆ, ಕಬ್ಬಿನ ಹೊರೆಯ ಮರೆಯಲ್ಲಿ ಇರುತ್ತವೆ. ಎಂಜಿನ್ನಿನ ಅಬ್ಬರದಲ್ಲಿ ಸದ್ದು ಕೇಳಿಸದು. ಎತ್ತಿನ ಹೆಗಲು ಹೇಳುತ್ತಿದ್ದುದನ್ನು ಎಂಜಿನ್ನು ಹೇಳಲಾರದು, ಏಕೆಂದರೆ ಅದರ ಶಕ್ತಿಯು ಹಿಂದಿನ ಗಾಲಿಯೊಂದರ ಎಳೆತವನ್ನು ನುಂಗಿಬಿಡುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಈ ಸಾಗಾಟವು ರಾತ್ರಿಯೂ ನಡೆಯುವುದರಿಂದ ಕಣ್ಣಿನ ಸಹಾಯವೂ ಇಲ್ಲ. ಗಾಳಿಯಿಳಿದ ಟೈರನ್ನು ಅರಿಯದೆ ಎಳೆದುಕೊಂಡು ಹೋಗುವುದು, ಅದು ಸೇತುವೆಯ ಮೇಲೋ ಊರ ನಡುವಣ ತಿರುವಿನಲ್ಲೋ ಸಿಡಿದು ಹೊರೆ ವಾಲುವುದು, ಪಕ್ಕದಲ್ಲಿ ನಡೆಯುವವರು ಅದಕ್ಕೆ ಬಲಿಯಾಗುವುದು ಅಸಂಭವವಾದ ಮಾತಲ್ಲ.

ಚಾಲಕರು ಇದಕ್ಕೆ ಕಂಡುಕೊಂಡಿರುವ ಉಪಾಯವು ಎಲ್ಲರಿಗೂ ತಿಳಿದುದೇ. ನಿಲುಗಡೆಯಲ್ಲಿ ಇಳಿದು, ಕಬ್ಬಿಣದ ಸಲಾಕೆಯಿಂದ ಪ್ರತಿ ಟೈರನ್ನೂ ಬಾರಿಸಿ ಸದ್ದನ್ನು ಪರೀಕ್ಷಿಸುವರು. ಗುಂಭವನ್ನು ಕೈಯಿಂದ ಮುಟ್ಟಿ ಶಾಖವನ್ನು ನೋಡುವರು. ಬಂಡಿಕಾರನ ಕಿವಿಯ ವಿದ್ಯೆಯು ಇದರಲ್ಲಿ ಇನ್ನೂ ಜೀವಂತವಾಗಿದೆ. ಆದರೆ ಇದು ನಿಂತಾಗ ಮಾತ್ರ ನಡೆಯುವ ಪರೀಕ್ಷೆ. ಟೈರು ಕೆಡುವುದಾದರೋ ಓಡುವಾಗ.

೬

ಓಡುವಾಗಲೇ ಒತ್ತಡವನ್ನು ಅರಿಯುವ ಯತ್ನಗಳಲ್ಲಿ ಗಮನಾರ್ಹವಾದುದು ಎರಡನೆಯ ಮಹಾಯುದ್ಧದ ಕಾಲದ್ದು. ೧೯೪೨ರಲ್ಲಿ ಅಮೆರಿಕದಲ್ಲಿ ಸಿದ್ಧವಾದ, ನೀರಿನಲ್ಲಿಯೂ ನೆಲದ ಮೇಲೂ ಸಾಗಬಲ್ಲ ‘ಡಕ್’ ಎಂಬ ಸೈನ್ಯದ ವಾಹನದಲ್ಲಿ ಚಾಲಕನು ಕುಳಿತಲ್ಲಿಂದಲೇ ಟೈರುಗಳ ಒತ್ತಡವನ್ನು ಮರಳಿನ ದಂಡೆಗೆಂದು ಇಳಿಸಲೂ ಗಟ್ಟಿನೆಲಕ್ಕೆಂದು ಏರಿಸಲೂ ಅನುಕೂಲವಿತ್ತು. ೧೯೮೬ರಲ್ಲಿ ಪೋರ್ಷೆ ಕಂಪನಿಯ ೯೫೯ ಎಂಬ ದುಬಾರಿ ಕಾರಿನಲ್ಲಿ ವಿದ್ಯುನ್ಮಾನದ ನಿಗಾಸಾಧನವು ಕಾಣಿಸಿಕೊಂಡಿತು. ಯುದ್ಧದ ವಾಹನಕ್ಕೂ ವಿಲಾಸದ ಕಾರಿಗೂ ದೊರೆತುದು ಹೊರೆಬಂಡಿಗೆ ದೊರೆಯಲು ಬಹುಕಾಲ ಹಿಡಿಯಿತು.

ಕಾನೂನಿನ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ೨೦೦೦ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿಯು ಲಕ್ಷಗಟ್ಟಲೆ ಟೈರುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಅವುಗಳಿಗೆ ಸಂಬಂಧಿಸಿದ ಅಪಘಾತಗಳು ದೇಶವನ್ನೇ ಕಲಕಿದ್ದವು. ಅದೇ ವರ್ಷದ ನವೆಂಬರಿನಲ್ಲಿ ಹೊಸ ಕಾಯಿದೆಯಾಗಿ, ೨೦೦೫ರಲ್ಲಿ ನಿಯಮವು ರೂಪುಗೊಂಡಿತು. ನಿಗದಿತ ಒತ್ತಡಕ್ಕಿಂತ ನೂರಕ್ಕೆ ೨೫ರಷ್ಟು ಕಡಿಮೆಯಾದರೆ ಚಾಲಕನನ್ನು ಎಚ್ಚರಿಸಬೇಕೆಂಬುದು ಅದರ ಸಾರ. ಆದರೆ ಅದು ಸುಮಾರು ೪,೫೩೬ ಕಿಲೋಗ್ರಾಂ ಮೀರದ ಮೋಟಾರು ವಾಹನಗಳಿಗೆ ಮಾತ್ರ ಅನ್ವಯಿಸಿತು. ಟ್ರೇಲರುಗಳನ್ನು ಅದು ಮುಟ್ಟಲಿಲ್ಲ. ಯುರೋಪಿನಲ್ಲಿ ೨೦೧೨ ಹಾಗೂ ೨೦೧೪ರಲ್ಲಿ ಕಾರುಗಳಿಗೆ ವಿಧಿಸಲಾದ ನಿಯಮವು ಭಾರವಾದ ಟ್ರೇಲರುಗಳನ್ನು ತಲುಪಿದುದು ೨೦೨೨ ಹಾಗೂ ೨೦೨೪ರಲ್ಲಿ. ಭಾರತದಲ್ಲಿ ೨೦೨೦ರ ಅಕ್ಟೋಬರ್ ೧ರಿಂದ ಜಾರಿಗೆ ಬಂದ ತಿದ್ದುಪಡಿಯು, ನಿಗಾಸಾಧನವೂ ಟೈರು ದುರಸ್ತಿಯ ಸಲಕರಣೆಯೂ ಇರುವ ೩.೫ ಟನ್ ಮೀರದ ಪ್ರಯಾಣಿಕ ವಾಹನಗಳಿಗೆ ಹೆಚ್ಚುವರಿ ಗಾಲಿಯ ಅಗತ್ಯದಿಂದ ವಿನಾಯಿತಿ ನೀಡಿತು. ಅದೂ ಕಾರಿನ ಮಾತೇ.

ಇವುಗಳಿಂದ ವಿದಿತವಾಗುವುದೇನೆಂದರೆ, ನಿಗಾಸಾಧನವು ವಾಹನದಲ್ಲಿ ಕುಳಿತವನ ರಕ್ಷಣೆಗಾಗಿ ಬೆಳೆಯಿತು. ಎಳೆಯಲ್ಪಡುವ ಗಾಲಿಯ ಮೇಲೆ ಯಾರೂ ಕುಳಿತಿರುವುದಿಲ್ಲವಾದ್ದರಿಂದ ಅದರ ಸರದಿ ಕೊನೆಗೆ ಬಂದಿತು. ಕೊರ್ಲಹಳ್ಳಿಯ ದಾರಿಯಲ್ಲಿ ಟ್ರೇಲರ್ ಎಳೆಯುವ ರೈತನು ಕಾರಿಗಾಗಿ ಬೆಳೆದ ಸಾಧನಗಳ ನಡುವೆ ತನಗೆ ಬೇಕಾದುದನ್ನು ತಾನೇ ವಿವೇಚಿಸಿ ಆರಿಸಬೇಕಾಗಿದೆ.

೭

ಆ ವಿವೇಚನೆಗೆ ಮೇಲಿನ ಚರಿತ್ರೆಯು ಹೇಗೆ ನೆರವಾಗುವುದೆಂಬುದನ್ನು ಈಗ ನೋಡೋಣ.

ಮೊದಲನೆಯದು, ಸಾಧನದ ಜಾತಿ. ನಿಗಾಸಾಧನಗಳಲ್ಲಿ ಪರೋಕ್ಷ, ಪ್ರತ್ಯಕ್ಷ ಎಂದು ಎರಡು ಬಗೆ. ಪರೋಕ್ಷ ಸಾಧನವು ಒತ್ತಡವನ್ನು ಅಳೆಯುವುದೇ ಇಲ್ಲ. ಗಾಳಿಯಿಳಿದ ಟೈರಿನ ಸುತ್ತಳತೆ ತುಸು ತಗ್ಗುವುದರಿಂದ ಅದು ಹೆಚ್ಚು ವೇಗವಾಗಿ ಸುತ್ತುವುದನ್ನು ಬ್ರೇಕಿನ ವೇಗಮಾಪಕಗಳ ಮೂಲಕ ಊಹಿಸುತ್ತದೆ. ಕೃಷಿಯ ಟ್ರೇಲರುಗಳಲ್ಲಿ ಅಂತಹ ಮಾಪಕಗಳಿಲ್ಲವಾದ್ದರಿಂದ ಈ ಬಗೆಯು ಇಲ್ಲಿ ನಿರುಪಯುಕ್ತ. ಪ್ರತಿ ಗಾಲಿಯಲ್ಲಿಯೂ ಸೆನ್ಸರನ್ನಿಟ್ಟು ರೇಡಿಯೋ ಅಲೆಯ ಮೂಲಕ ಸುದ್ದಿ ಕಳುಹಿಸುವ ಪ್ರತ್ಯಕ್ಷ ಸಾಧನವೇ ಬೇಕು. ತೇರಿನ ಗಾಲಿಯ ಪಕ್ಕದಲ್ಲಿ ನಡೆಯುವವನ ಸ್ಥಾನ ಇದಕ್ಕಿದೆ.

ಎರಡನೆಯದು, ಸೆನ್ಸರಿನ ಸ್ಥಾನ. ಟೈರಿನ ಒಳಗೆ ಕೂರಿಸುವ ಸೆನ್ಸರು ಕಳವಿಗೂ ಕೆಸರಿಗೂ ಸಿಗದು. ಆದರೆ ಅದನ್ನು ಕೂರಿಸಲು ಟೈರನ್ನು ಬಿಚ್ಚಬೇಕು, ಬ್ಯಾಟರಿ ಮುಗಿದಾಗ ಸಾಮಾನ್ಯವಾಗಿ ಇಡೀ ಸೆನ್ಸರನ್ನೇ ಬದಲಾಯಿಸಬೇಕು. ವಾಲ್ವಿನ ತುದಿಗೆ ಮುಚ್ಚಳದಂತೆ ತಿರುಪುವ ಸೆನ್ಸರನ್ನು ಚಾಲಕನೇ ಹಾಕಿ ತೆಗೆಯಬಹುದು. ಮೇಲೆ ಹೇಳಿದ ವಾಲ್ವಿನ ಸಮಾನತೆಯು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಬೇರೆ ಬೇರೆ ಕಾಲದಲ್ಲಿ ಕೊಂಡ ಟ್ರೇಲರುಗಳಿಗೂ ಒಂದೇ ಮುಚ್ಚಳ ಸರಿಹೊಂದುವುದು. ಟ್ರ್ಯಾಕ್ಟರಿನ ಹಿಂಬದಿಯ ಟೈರುಗಳಿಗೆ ತೂಕಕ್ಕಾಗಿ ನೀರು ತುಂಬಿಸುವ ರೂಢಿಯುಳ್ಳವರು ಒಳಗಿನ ಸೆನ್ಸರನ್ನು ಆ ಗಾಲಿಗಳಿಗೆ ಆರಿಸುವುದು ಯುಕ್ತವಲ್ಲ. ಮುಚ್ಚಳದ ಸೆನ್ಸರಿನ ಭಾರಕ್ಕೆ ರಬ್ಬರಿನ ವಾಲ್ವುಕಾಂಡವು ತೊನೆದು ಸೀಳುವ ಸಂಭವವಿದೆ. ಲೋಹದ ಕಾಂಡವನ್ನು ಹಾಕಿಸುವುದು ಕ್ಷೇಮ.

ಮೂರನೆಯದು, ಸುದ್ದಿಯು ಮುಂದಕ್ಕೆ ಮುಟ್ಟುವುದು. ಕಾರಿಗಾಗಿ ಮಾಡಿದ ಸಾಧನದ ಅಲೆಯು ಕೆಲವೇ ಮೀಟರು ಸಾಗಬೇಕು. ಇಲ್ಲಿ ಅದು ಕಬ್ಬಿಣದ ಚೌಕಟ್ಟನ್ನೂ ಹಸಿ ಕಬ್ಬಿನ ಹೊರೆಯನ್ನೂ ದಾಟಿ, ಎರಡನೆಯ ಟ್ರೇಲರಿನ ಹಿಂದಿನ ಅಚ್ಚಿನಿಂದ ಚಾಲಕನವರೆಗೆ ಬರಬೇಕು. ಆದ್ದರಿಂದ ಸುದ್ದಿಯನ್ನು ನಡುವೆ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಜೊತೆಯಲ್ಲಿ ಇರತಕ್ಕದ್ದು. ಹೊರೆ ತುಂಬಿದ ಸ್ಥಿತಿಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಿ ಕೊಳ್ಳಬೇಕು. ಟ್ರ್ಯಾಕ್ಟರಿನ ಅಬ್ಬರದಲ್ಲಿ ಸಣ್ಣ ಗಂಟೆಯು ಕೇಳಿಸದು. ಜೋರಾದ ಸದ್ದು, ಬಿಸಿಲಿನಲ್ಲಿಯೂ ಕಾಣುವ ದೀಪ, ಎರಡೂ ಇರಬೇಕು. ಕೂಗು ಎಳೆಯುವವನನ್ನು ತಲುಪದಿದ್ದರೆ ಗಾಲಿಯ ಬಳಿಯ ಕಾವಲು ವ್ಯರ್ಥ.

ನಾಲ್ಕನೆಯದು, ಗಾಲಿಗಳ ಸಂಖ್ಯೆ ಹಾಗೂ ಭೇದ. ಹನ್ನೆರಡು ಗಾಲಿಗಳನ್ನು ಬೇರೆ ಬೇರೆಯಾಗಿ ತೋರಿಸುವ ಶಕ್ತಿ ಸಾಧನಕ್ಕಿರಬೇಕು. ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಬೇಕಾದುದು ಕಡಿಮೆ ಒತ್ತಡ, ಟ್ರೇಲರಿನ ಗಾಲಿಗೆ ಅದಕ್ಕಿಂತ ಬಹಳ ಹೆಚ್ಚು. ಪ್ರತಿ ಅಚ್ಚಿಗೂ ಪ್ರತ್ಯೇಕ ಮಿತಿಯನ್ನು ಗೊತ್ತುಪಡಿಸಲು ಬಾರದ ಸಾಧನವು ಒಂದೆಡೆ ಸುಮ್ಮನೆ ಕೂಗುತ್ತದೆ, ಇನ್ನೊಂದೆಡೆ ಕೂಗಬೇಕಾದಾಗ ಸುಮ್ಮನಿರುತ್ತದೆ. ಒಂದು ಟ್ರೇಲರನ್ನು ಬಿಟ್ಟು ಮತ್ತೊಂದನ್ನು ಕಟ್ಟಿಕೊಂಡಾಗ ಹೊಸದರ ಸೆನ್ಸರುಗಳನ್ನು ಸುಲಭವಾಗಿ ಗುರುತಿಸುವಂತಿರಬೇಕು.

ಐದನೆಯದು, ಶಾಖ. ಇದರಲ್ಲಿ ಅನೇಕರು ಎಡವುವುದುಂಟು. ಮುಚ್ಚಿದ ಗಾಳಿಯ ಒತ್ತಡವು ಅದರ ಶಾಖದೊಂದಿಗೆ ಏರುವುದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಬಲ್ಲ ನಿಯಮ. ಬೆಳಗಿನಲ್ಲಿ ೩೦ ಡಿಗ್ರಿ ಸೆಲ್ಸಿಯಸ್ ಶಾಖವಿದ್ದಾಗ ಚದರ ಅಂಗುಲಕ್ಕೆ ೮೦ ಪೌಂಡು ತುಂಬಿದ ಟೈರು, ಓಡಿ ೬೦ ಡಿಗ್ರಿಗೆ ಕಾದಾಗ ಸುಮಾರು ೮೯ ಪೌಂಡು ತೋರಿಸುವುದು. ಇದಕ್ಕೆ ವಿರುದ್ಧವಾಗಿ, ಕಾದ ಟೈರು ೮೦ ಪೌಂಡು ತೋರಿಸಿದರೆ ಅದರ ತಣ್ಣನೆಯ ಒತ್ತಡವು ಸುಮಾರು ೭೧ ಪೌಂಡು ಮಾತ್ರ. ಸೋರಿಕೆಯು ಶಾಖದ ಮರೆಯಲ್ಲಿ ಹೀಗೆ ಅಡಗುತ್ತದೆ. ಆದಕಾರಣ ಒತ್ತಡದೊಡನೆ ಶಾಖವನ್ನೂ ತೋರಿಸುವ ಸಾಧನವೇ ಶ್ರೇಷ್ಠ. ಬೇರಿಂಗು ಕೆಟ್ಟು ಅಥವಾ ಬ್ರೇಕು ಹಿಡಿದುಕೊಂಡು ಗಾಲಿ ಕಾಯುವುದನ್ನೂ ಅದು ತಿಳಿಸಬಲ್ಲದು. ಮಿತಿಯನ್ನು ಗೊತ್ತುಪಡಿಸುವುದು ತಣ್ಣನೆಯ ಟೈರಿನ ಲೆಕ್ಕದಿಂದಲೇ ಆಗಬೇಕು. ಕಾರಿನ ಕಾನೂನಿನ ನೂರಕ್ಕೆ ೨೫ರ ಮಿತಿಯನ್ನು ತುಂಬಿದ ಟ್ರೇಲರಿಗೆ ಹಾಗೆಯೇ ಅನ್ವಯಿಸಿದರೆ, ೮೦ರ ಟೈರು ೬೦ಕ್ಕೆ ಇಳಿಯುವವರೆಗೆ ಸಾಧನವು ಸುಮ್ಮನಿರುವುದು. ಹೊರೆಯ ಟೈರಿಗೆ ಅಷ್ಟು ಕಾಯುವುದು ವಿಳಂಬವೇ ಸರಿ. ಮಿತಿಯನ್ನು ಇನ್ನೂ ಮೇಲಕ್ಕೆ ಇಡುವ ಅನುಕೂಲವಿರಬೇಕು.

ಎಲ್ಲ ಗಾಲಿಗಳಿಗೂ ಒಮ್ಮೆಲೆ ಸೆನ್ಸರು ಕೊಳ್ಳುವ ಶಕ್ತಿಯಿಲ್ಲದವನು ಎಲ್ಲಿಂದ ಆರಂಭಿಸಬೇಕು? ಮಾರಾಟಗಾರರು ಸಾಮಾನ್ಯವಾಗಿ ಎಳೆಯುವ ವಾಹನದಿಂದ ಲೆಕ್ಕ ಆರಂಭಿಸುವರು. ನಮ್ಮ ವಿವೇಚನೆಯು ಇದಕ್ಕೆ ವಿರುದ್ಧವಾದ ಕ್ರಮವನ್ನು ಸೂಚಿಸುತ್ತದೆ. ಟ್ರ್ಯಾಕ್ಟರಿನ ಮುಂಗಾಲಿ ಇಳಿದರೆ ಚುಕ್ಕಾಣಿ ಹೇಳುತ್ತದೆ. ಹಿಂಗಾಲಿ ಇಳಿದರೆ ಆಸನ ವಾಲುತ್ತದೆ. ಹೇಳುವವರೇ ಇಲ್ಲದುದು ಕೊನೆಯ ಟ್ರೇಲರಿನ ಕೊನೆಯ ಗಾಲಿಗೆ. ಆದ್ದರಿಂದ ಸೆನ್ಸರು ಅಲ್ಲಿಂದ ಮೊದಲಾಗಿ ಮುಂದಕ್ಕೆ ಬರತಕ್ಕದ್ದು.

೮

ಈ ಸಾಧನದಿಂದ ಸಲಾಕೆಯ ಪರೀಕ್ಷೆಯಾಗಲಿ ಕೈಯ ಸ್ಪರ್ಶವಾಗಲಿ ಅನಗತ್ಯವಾಗುವುದೆಂದು ನಾವು ಹೇಳುತ್ತಿಲ್ಲ. ಟೈರಿನ ಪಕ್ಕೆಯ ಸೀಳು, ಸವೆದ ಪಟ್ಟೆ, ಸಡಿಲವಾದ ನಟ್ಟು, ಅತಿಯಾದ ಹೊರೆ, ಇವನ್ನು ಸೆನ್ಸರು ಕಾಣಲಾರದು. ಅದರ ಬ್ಯಾಟರಿಯೂ ಒಂದು ದಿನ ಮುಗಿಯುವುದು. ನಿಂತಾಗ ಮನುಷ್ಯನ ಪರೀಕ್ಷೆ, ಓಡುವಾಗ ಸಾಧನದ ಪರೀಕ್ಷೆ, ಎರಡೂ ಸೇರಿದರೆ ಮಾತ್ರ ನಿಗಾ ಪೂರ್ಣವಾಗುವುದು.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಹಡಗಲಿಗಳ ಕಡೆಯಲ್ಲಿ ಬಂಡಿ ಹೊಡೆದ ಹಿರಿಯರೂ ಗಾಲಿ ಕಟ್ಟಿದ ಬಡಿಗ-ಕಮ್ಮಾರರೂ ಇನ್ನೂ ಇದ್ದಾರೆ. ಗಾಲಿಯ ಯಾವ ಸದ್ದಿಗೆ ಯಾವ ಹೆಸರು, ಆ ಸದ್ದು ಯಾವ ದೋಷದ ಗುರುತು ಎಂಬುದನ್ನು ಅವರ ಬಾಯಿಂದ ಕೇಳಿ ಸಂಗ್ರಹಿಸುವ ಕಾರ್ಯವು ಶೀಘ್ರವಾಗಿ ನಡೆಯಬೇಕಾಗಿದೆ. ನಿಗಾಸಾಧನದ ತೆರೆಯ ಮೇಲೆ ಇಂದು ಅಂಕೆಗಳಾಗಿ ಮೂಡುವ ಎಚ್ಚರಿಕೆಗೆ ನಮ್ಮ ನಾಡಿನಲ್ಲಿ ಹಿಂದೆ ಇದ್ದ ರೂಪವು ಆ ಶಬ್ದಗಳಲ್ಲಿದೆ. ಹೇಳುವವರು ಇರುವವರೆಗೆ ಮಾತ್ರ ಅವನ್ನು ಬರೆದಿಡಲು ಸಾಧ್ಯ.